ಹೊಳೆಯನ್ನು ಅಳೆದವರು: ಭದ್ರೆಯಿಂದ ವಿಳಿಂಜಂ ಕಡಲವರೆಗೆ

ತಿರುವನಂತಪುರದ ದಕ್ಷಿಣಕ್ಕಿರುವ ವಿಳಿಂಜಂ ಹಳೆಯ ಬಂದರು. ಆಯ್ ಅರಸರ ಕಾಲದಿಂದಲೂ ಹಡಗುಗಳನ್ನು ಕಂಡ ಊರು. ಎಂಟನೆಯ ಶತಮಾನದ ಸಣ್ಣ ಗುಹಾಲಯವೊಂದು ಇಂದಿಗೂ ಅಲ್ಲಿದೆ. ಮಲಯಾಳಿಗಳು ಎಡವಪ್ಪಾದಿ ಎಂದು ಕರೆಯುವ ಮುಂಗಾರು ಹಿಡಿದಾಗ ಅಲ್ಲಿನ ದಂಡೆಯ ಮೇಲೆ ನಿಂತರೆ, ಕಡಲಿನ ಅಂಚು ಒಂದಷ್ಟು ದೂರ ಕೆಂಪಾಗಿ, ಅದರಾಚೆ ಬೂದುಬಣ್ಣವಾಗಿ ಕಾಣುತ್ತದೆ. ಆ ಕೆಂಪು ಎಲ್ಲಿಯದು? ಮಳೆಯದೇ, ತೊರೆಯದೇ, ಕೊರೆದುಹೋದ ದಂಡೆಯದೇ? ಕಣ್ಣಿಗೆ ಕಂಡದ್ದಷ್ಟರಿಂದಲೇ ಇದಕ್ಕೆ ಉತ್ತರ ಹೇಳಲಾಗದು. ಹಿಂದೆ ಯಾರಾದರೂ ಅಳೆದು ಬರೆದಿಟ್ಟಿದ್ದರೆ ಮಾತ್ರ ಹೇಳಬಹುದು.

ವಿಳಿಂಜಂನಲ್ಲಿ ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. 2015ರ ಡಿಸೆಂಬರಿನಲ್ಲಿ ಹೊಸ ಬಂದರಿನ ಕಾಮಗಾರಿ ಆರಂಭವಾಯಿತು. 2016ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಯೋಜನೆಯ ಪರಿಸರ ಅನುಮತಿಯನ್ನು ಎತ್ತಿಹಿಡಿಯಿತು. ಆದರೆ ದಂಡೆಯ ಬದಲಾವಣೆಗಳನ್ನು ತಜ್ಞರು ನೋಡುತ್ತಿರಬೇಕು, ಆರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕು ಎಂದೂ ವಿಧಿಸಿತು. 2022ರ ಆಗಸ್ಟಿನಿಂದ ಡಿಸೆಂಬರಿನವರೆಗೆ ಮೀನುಗಾರರು ಬಂದರಿನ ಬಾಗಿಲಲ್ಲಿ ಧರಣಿ ಕುಳಿತರು. ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು, ಕಡಲ್ಕೊರೆತವನ್ನು ತಾವು ನಂಬಬಹುದಾದವರು ಅಧ್ಯಯನ ಮಾಡಬೇಕು ಎಂಬುದು. ಅಳತೆಯೇ ಇಲ್ಲವೆಂದು ಅವರು ದೂರಲಿಲ್ಲ. ಅಳೆಯುವವರು ಯಾರು ಎಂದು ಕೇಳಿದರು. 2025ರ ಮೇ 2ರಂದು ಬಂದರು ರಾಷ್ಟ್ರಕ್ಕೆ ಅರ್ಪಣೆಯಾಯಿತು. ಕೇಳಿದ ಪ್ರಶ್ನೆ ಮಾತ್ರ ದಂಡೆಯ ಮೇಲೆಯೇ ಉಳಿದಿದೆ.

ಆ ಪ್ರಶ್ನೆಯನ್ನು ಕೇಳಿದಾಗ ಕನ್ನಡಿಗನಾದ ನನಗೆ ನೆನಪಾದದ್ದು ಕಡಲಲ್ಲ, ಭದ್ರೆ. ಇದೇ ಪಶ್ಚಿಮಘಟ್ಟದ ಸಾಲಿನಲ್ಲಿ ಉತ್ತರಕ್ಕೆ ಹೋದರೆ ಸಿಗುವ ಕುದುರೆಮುಖದಲ್ಲಿ ಈ ಪ್ರಶ್ನೆ ಕಾಲು ಶತಮಾನ ಕಾಲ ಹೊಳೆಯ ಜೊತೆಯಲ್ಲೇ ಹರಿಯಿತು. ಅದರ ಚರಿತ್ರೆಯನ್ನು ಒಮ್ಮೆ ಕ್ರಮವಾಗಿ ನೋಡುವುದು ಈ ಬರಹದ ಉದ್ದೇಶ.

ಮೊದಲು, ಗಣಿಯ ಸುತ್ತ ನೀರನ್ನು ಅಳೆಯುವುದೆಂದರೆ ಏನೆಂಬುದನ್ನು ತಿಳಿಯಬೇಕು. ಆ ವಿದ್ಯೆ ಹೆಚ್ಚಾಗಿ ಬೆಳೆದದ್ದು ಕಲ್ಲಿದ್ದಲ ಗಣಿಗಳಲ್ಲಿ. ಕರ್ನಾಟಕಕ್ಕಾಗಲಿ ಕೇರಳಕ್ಕಾಗಲಿ ಕಲ್ಲಿದ್ದಲ ಗಣಿಗಳಿಲ್ಲ. ನಮಗೆ ಹತ್ತಿರದ್ದೆಂದರೆ ತಮಿಳುನಾಡಿನ ನೈವೇಲಿಯ ಕಂದು ಕಲ್ಲಿದ್ದಲು. ಅಲ್ಲಿಂದ ಹುಟ್ಟುವ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿದೆ, ಕೇರಳಕ್ಕೂ ಪಾಲಿದೆ. ನೈವೇಲಿಯ ಕತೆ ಶುರುವಾಗುವುದೇ ನೀರಿನಿಂದ. 1930ರ ದಶಕದಲ್ಲಿ ಜಂಬುಲಿಂಗ ಮುದಲಿಯಾರ್ ಎಂಬವರ ಜಮೀನಿನಲ್ಲಿ ಬಾವಿ ತೋಡುವಾಗ ನೀರಿನೊಡನೆ ಕಪ್ಪು ಪದಾರ್ಥವೊಂದು ಮೇಲೆ ಬಂತು. 1957ರ ಮೇ 20ರಂದು ನೆಹರೂ ಗಣಿಯ ಕೆಲಸಕ್ಕೆ ಚಾಲನೆ ಕೊಟ್ಟರು. 1961ರಲ್ಲಿ ಕಲ್ಲಿದ್ದಲ ಪದರ ಸಿಕ್ಕಿತು. ಆದರೆ ಆ ಪದರದ ಅಡಿಯಲ್ಲಿ ಭಾರಿ ಒತ್ತಡದ ಅಂತರ್ಜಲವಿತ್ತು. ಮೇಲಿನ ಮಣ್ಣಿನ ಹೊರೆಯನ್ನು ತೆಗೆದರೆ ಕೆಳಗಿನ ನೀರು ಗಣಿಯ ನೆಲವನ್ನೇ ಒಡೆದು ಮೇಲೇಳುತ್ತಿತ್ತು. ಆದ್ದರಿಂದ ಗಣಿಯ ಸುತ್ತ ಕೊಳವೆಬಾವಿಗಳನ್ನು ಕೊರೆದು ಹಗಲಿರುಳೂ ನೀರೆತ್ತಿ, ಒತ್ತಡವನ್ನು ತಗ್ಗಿಸಿಟ್ಟುಕೊಂಡೇ ಕೆಲಸ ಮಾಡಬೇಕಾಯಿತು. ಒಂದೆಡೆ ನೀರೆತ್ತಿದರೆ ಸುತ್ತಲಿನ ಬಾವಿಗಳ ಮಟ್ಟವೂ ಇಳಿಯಬಹುದು. ತಮ್ಮ ಬಾವಿಗಳು ಬತ್ತಿದುವೆಂದು ಸುತ್ತಲಿನ ಹಳ್ಳಿಗಳ ರೈತರು ದೂರುತ್ತ ಬಂದಿದ್ದಾರೆ.

ಇಂಥ ಗಣಿಗಳ ಅನುಭವದಿಂದಲೇ ಇಂದಿನ ನಿಯಮಗಳು ರೂಪುಗೊಂಡವು. ಕೇಂದ್ರ ಪರಿಸರ ಸಚಿವಾಲಯವು ಕಲ್ಲಿದ್ದಲ ಗಣಿಗಳಿಗೆ ಅನುಮತಿ ಕೊಡುವಾಗ ಸಾಮಾನ್ಯವಾಗಿ ಒಂದು ಷರತ್ತನ್ನು ಹಾಕುತ್ತದೆ. ಸುತ್ತಮುತ್ತ ಇರುವ ತೆರೆದ ಬಾವಿಗಳಲ್ಲೂ ಹೊಸದಾಗಿ ಕೊರೆದ ನೋಟದ ಬಾವಿಗಳಲ್ಲೂ ವರ್ಷಕ್ಕೆ ನಾಲ್ಕು ಸಲ, ಅಂದರೆ ಮಳೆಗೆ ಮುನ್ನ ಮೇ ತಿಂಗಳಲ್ಲಿ, ಮಳೆಯ ನಡುವೆ ಆಗಸ್ಟಿನಲ್ಲಿ, ಮಳೆ ಕಳೆದ ಮೇಲೆ ನವೆಂಬರಿನಲ್ಲಿ, ಚಳಿಗಾಲದ ಜನವರಿಯಲ್ಲಿ ನೀರಿನ ಮಟ್ಟ ಮತ್ತು ಗುಣವನ್ನು ಪರೀಕ್ಷಿಸಬೇಕು. ಹೊಳೆಯಲ್ಲಾದರೆ ಗಣಿಗೆ ಮೇಲಿನ ಒಂದು ಜಾಗದಲ್ಲೂ ಕೆಳಗಿನ ಒಂದು ಜಾಗದಲ್ಲೂ ಮಾದರಿ ತೆಗೆಯಬೇಕು. ಎರಡರ ವ್ಯತ್ಯಾಸವೇ ಗಣಿಯ ಸಾಕ್ಷಿ. ಗಂಧಕವಿರುವ ಕಲ್ಲಿದ್ದಲು ಗಾಳಿ-ನೀರಿಗೆ ತೆರೆದುಕೊಂಡರೆ ಆಮ್ಲ ಹುಟ್ಟುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳ ಲೂಖಾ ನದಿ ಚಳಿಗಾಲದಲ್ಲಿ ನೀಲಿಬಣ್ಣಕ್ಕೆ ತಿರುಗುವುದನ್ನು ನೋಡಿದ ಮೇಲೆ, ಆಮ್ಲತೆಯ ಅಳತೆ ಏಕೆ ಬೇಕೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ಈ ಎಲ್ಲ ಕ್ರಮಕ್ಕೂ ತಳಹದಿಯಾಗಿ ಒಂದು ಅಳತೆ ಬೇಕು: ಗಣಿ ಬರುವ ಮುನ್ನ ನೀರು ಹೇಗಿತ್ತು ಎಂಬುದು. ಕುದುರೆಮುಖದಲ್ಲಿ ಕಾಣೆಯಾದದ್ದು ಅದೇ.

1913ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಅವರು ಕುದುರೆಮುಖ ಪ್ರದೇಶದಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ದಟ್ಟ ಶೋಲಾ ಕಾಡು, ಹುಲ್ಲುಗಾವಲಿನ ಬೋಳುಗುಡ್ಡ, ವರ್ಷಕ್ಕೆ ಸುಮಾರು 7,000 ಮಿಲಿಮೀಟರಿನವರೆಗೂ ಸುರಿಯುವ ಮಳೆ. ಅಲ್ಲಿಗೆ ಹೋಗುವುದೇ ಸಾಹಸವಾಗಿದ್ದ ಕಾಲವದು. ಅದಿರು ಅರ್ಧ ಶತಮಾನ ನೆಲದಲ್ಲೇ ಉಳಿಯಿತು. 1969ರ ಜುಲೈ 25ರಿಂದ 30 ವರ್ಷಗಳ ಅವಧಿಗೆ ಸುಮಾರು 4,600 ಹೆಕ್ಟೇರಿನ ಗಣಿ ಗುತ್ತಿಗೆ ಜಾರಿಗೆ ಬಂತು. 1975ರಲ್ಲಿ ಇರಾನಿನೊಡನೆ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಭಾರತ ಅದಿರಿನ ಸಾರವನ್ನು ಕಳಿಸುವುದು ಎಂದು ಮಾತು. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಾ ಪದಚ್ಯುತನಾದ. ಸಾಲವೂ ನಿಂತಿತು, ಕೊಳ್ಳುವವನೂ ಇಲ್ಲವಾದ. ಆದರೂ ಕಾರ್ಖಾನೆ ಪೂರ್ಣಗೊಂಡಿತು. ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿ ಕಂಪನಿ ಬದುಕಿಕೊಂಡಿತು.

ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅದನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸಾರವನ್ನು ಬೇರ್ಪಡಿಸಿ, ಕೆಸರಿನಂಥ ಆ ದ್ರವವನ್ನು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ವರ್ಷಕ್ಕೆ 75 ಲಕ್ಷ ಟನ್ ಸಾರವನ್ನು ತೆಗೆಯುವಂತೆ ಘಟಕವನ್ನು ಕಟ್ಟಲಾಗಿತ್ತು. ಅಷ್ಟು ಸಾರಕ್ಕೆ ಅದರ ಸುಮಾರು ಮೂರು ಪಟ್ಟು ಅದಿರನ್ನು ಒಡೆಯಬೇಕು. ಉಳಿದ ಎರಡು ಪಾಲು ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಭದ್ರೆಯ ಉಪಹೊಳೆಯಾದ ಲಕ್ಯಾಕ್ಕೆ ಅಡ್ಡಲಾಗಿ ಆಣೆಕಟ್ಟು ಎದ್ದಿತು. ಹಂತಹಂತವಾಗಿ ಏರಿಸಿದ ಅದರ ಎತ್ತರ ಸುಮಾರು 100 ಮೀಟರ್. ನಮ್ಮ ನಾಡಿನಲ್ಲಿ ನೀರು ನಿಲ್ಲಿಸುವ ಆಣೆಕಟ್ಟುಗಳು ಬಹಳ. ಲಕ್ಯಾ ಹೂಳನ್ನು ನಿಲ್ಲಿಸಲೆಂದೇ ಕಟ್ಟಿದ್ದು.

ಕಾಲಾನುಕ್ರಮವನ್ನು ಇಲ್ಲಿ ಗಮನಿಸಬೇಕು. ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಅರಣ್ಯ ಸಂರಕ್ಷಣಾ ಕಾಯ್ದೆ 1980ರದು. ಪರಿಸರ ಸಂರಕ್ಷಣಾ ಕಾಯ್ದೆ 1986ರದು. ಯೋಜನೆಯ ಮೊದಲೇ ಪರಿಸರದ ಸ್ಥಿತಿಯನ್ನು ಅಧ್ಯಯನ ಮಾಡಬೇಕೆಂಬ ಕೇಂದ್ರದ ಅಧಿಸೂಚನೆ ಬಂದದ್ದು 1994ರ ಜನವರಿಯಲ್ಲಿ. ಗುತ್ತಿಗೆಯಾದರೋ 1969ರದು. ಹೀಗಾಗಿ ಗಣಿಗೆ ಮುನ್ನ ಭದ್ರೆಯ ನೀರು ಯಾವ ಮಳೆಯಲ್ಲಿ ಎಷ್ಟು ಹೂಳು ಹೊರುತ್ತಿತ್ತು ಎಂದು ಅಳೆದಿಡಬೇಕೆಂಬ ಕಾನೂನೇ ಆಗ ಇರಲಿಲ್ಲ. ಕಂಪನಿ ತಾನು ನಿಯಮ ಮೀರಲಿಲ್ಲವೆಂದರೆ, ಆ ಕಾಲದ ನಿಯಮದಲ್ಲಿ ಅದಕ್ಕೆ ಎಡೆಯಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಕಾನೂನುಗಳು ಒಂದೊಂದಾಗಿ ಬಂದವು.

ಅಳತೆಯಿಲ್ಲದ ಕಡೆ ನೆನಪೇ ಸಾಕ್ಷಿಯಾಗುತ್ತದೆ. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಗಣಿಯ ಪಕ್ಕದಲ್ಲಿ ಹರಿದು, ಕಳಸ, ಹೊರನಾಡು, ಬಾಳೆಹೊನ್ನೂರುಗಳನ್ನು ದಾಟಿ ಲಕ್ಕವಳ್ಳಿಯ ಜಲಾಶಯವನ್ನು ಸೇರುತ್ತಾಳೆ. ಆ ಜಲಾಶಯದ ನಾಲೆಗಳನ್ನು ನಂಬಿ ಶಿವಮೊಗ್ಗ, ದಾವಣಗೆರೆಗಳ ಭತ್ತದ ಗದ್ದೆಗಳೂ ಅಡಿಕೆ ತೋಟಗಳೂ ಇವೆ. ಮಲೆನಾಡಿನ ರೈತ ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾನೆ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ. ಕೇರಳದ ರೈತನೂ ಹಾಗೆಯೇ. ಇಲ್ಲಿಯ ತಿರುವಾದಿರ ಞಾಟ್ಟುವೇಲ ನಮ್ಮ ಆರಿದ್ರಾ ಮಳೆಯೇ. ಯಾವ ಮಳೆಗೆ ಹೊಳೆ ಎಷ್ಟು ಕೆಂಪಾಗಬೇಕು, ಎಷ್ಟು ದಿನಕ್ಕೆ ತಿಳಿಯಾಗಬೇಕು ಎಂಬ ಲೆಕ್ಕ ಹೊಳೆದಂಡೆಯವರಲ್ಲಿ ಇರುತ್ತದೆ. ಆದರೆ ನ್ಯಾಯಾಲಯದಲ್ಲಿ, ಕಚೇರಿಯಲ್ಲಿ ಆ ಲೆಕ್ಕಕ್ಕೆ ಬೆಲೆ ಕಡಿಮೆ. ಮಲೆನಾಡಿನ ಮಳೆಗೆ ಯಾವ ಹೊಳೆಯಾದರೂ ಕೆಂಪಾಗುವುದಿಲ್ಲವೇ ಎಂಬ ಒಂದೇ ಮರುಪ್ರಶ್ನೆ ಅದನ್ನು ಬದಿಗೆ ಸರಿಸಬಲ್ಲದು.

1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಮೊದಲ ಅಧಿಸೂಚನೆ ಹೊರಡಿಸಲಾಯಿತು. 1999ರ ಜುಲೈನಲ್ಲಿ ಗುತ್ತಿಗೆ ಮುಗಿಯಿತು. ಆ ಬಳಿಕ ತಾತ್ಕಾಲಿಕ ಅನುಮತಿಗಳ ಮೇಲೆ ಗಣಿ ನಡೆಯಿತು. ಮುಂದುವರಿಸಬೇಕೆನ್ನುವವರ ವಾದದಲ್ಲೂ ತಿರುಳಿತ್ತು. ಸಾವಿರಾರು ಕುಟುಂಬಗಳ ಅನ್ನ, ದೇಶಕ್ಕೆ ವಿದೇಶಿ ವಿನಿಮಯ, ಮಂಗಳೂರಿನ ಬಂದರಿಗೆ ಸರಕು ಎಲ್ಲವೂ ಅದರಲ್ಲಿ ಸೇರಿದ್ದುವು. ಹೂಳು ತಡೆಯಲು ಕಟ್ಟೆಗಳನ್ನು ಕಟ್ಟಿದ್ದೇವೆ, ಗಿಡ ನೆಟ್ಟಿದ್ದೇವೆ, ನೀರನ್ನು ಪರೀಕ್ಷಿಸುತ್ತಿದ್ದೇವೆ ಎಂದು ಕಂಪನಿ ಹೇಳಿತು. ಅದು ಸುಳ್ಳೂ ಆಗಿರಲಿಲ್ಲ.

ತೊಡಕಿದ್ದದ್ದು ಅಳೆಯುವ ಬಗೆಯಲ್ಲಿ. ತಿಂಗಳಿಗೊಮ್ಮೆ, ನಿಗದಿಯಾದ ದಿನ, ಒಂದು ಸೀಸೆ ನೀರು ತುಂಬಿಕೊಂಡು ಹೋದರೆ ಮಲೆನಾಡಿನ ಹೊಳೆಯ ಹೂಳು ಗೊತ್ತಾಗುವುದಿಲ್ಲ. ಹರಿವು ಎರಡು ಪಟ್ಟಾದರೆ ಹೂಳು ಎರಡು ಪಟ್ಟಷ್ಟೇ ಆಗುವುದಿಲ್ಲ. ಅದಕ್ಕಿಂತ ಬಹಳ ಹೆಚ್ಚಾಗುತ್ತದೆ. ಇಡೀ ವರ್ಷದ ಹೂಳಿನಲ್ಲಿ ಬಹುಪಾಲು ಕೆಲವೇ ದಿನಗಳ, ಕೆಲವೊಮ್ಮೆ ಕೆಲವೇ ಗಂಟೆಗಳ ಪ್ರವಾಹದಲ್ಲಿ ಸಾಗಿಹೋಗುತ್ತದೆ. ಸೀಸೆ ಹಿಡಿದವನು ಆ ಹೊತ್ತಿಗೆ ದಂಡೆಯಲ್ಲಿ ಇರದಿದ್ದರೆ ಅವನ ಪುಸ್ತಕದಲ್ಲಿ ಹೊಳೆ ತಿಳಿಯಾಗಿಯೇ ಹರಿದಿರುತ್ತದೆ. ಬರೆದ ಅಂಕಿಯಲ್ಲಿ ಸುಳ್ಳಿರುವುದಿಲ್ಲ, ಆದರೂ ಚಿತ್ರ ಸುಳ್ಳಾಗುತ್ತದೆ.

2002ರ ಮಳೆಗಾಲದಲ್ಲಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಅವರ ಸಂಗಡಿಗರು ಈ ತೊಡಕನ್ನು ಎದುರಿಗಿಟ್ಟುಕೊಂಡೇ ಭದ್ರೆಗೆ ಇಳಿದರು. ಅವರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರೂ ಇದ್ದರು. ಮಳೆ, ಹರಿವು, ತೇಲುವ ಹೂಳು ಮೂರನ್ನೂ ಒಟ್ಟಿಗೆ ಹೊಂದಿಸಿ ಅಳೆದರು. 2006ರಲ್ಲಿ ಪ್ರಕಟವಾದ ಅವರ ಪ್ರಬಂಧ ಎರಡು ಸಂಗತಿಗಳನ್ನು ತೋರಿಸಿತು. ಹೂಳಿನ ದೊಡ್ಡ ಭಾಗ ಸಾಗುವುದು ಬಿರುಮಳೆಯ ಕೆಲವೇ ಸಂದರ್ಭಗಳಲ್ಲಿ. ಮತ್ತು ಜಲಾನಯನದಲ್ಲಿ ಗಣಿಯ ನೆಲ ತೀರ ಸಣ್ಣ ಪಾಲಾದರೂ ಹೂಳಿನಲ್ಲಿ ಅದರ ಪಾಲು ನೆಲದ ಪ್ರಮಾಣಕ್ಕೆ ಏನೇನೂ ಹೊಂದದಷ್ಟು ದೊಡ್ಡದು. ಯಾವ ಹೊಳೆಯಾದರೂ ಕೆಂಪಾಗುವುದಿಲ್ಲವೇ ಎಂಬ ಮರುಪ್ರಶ್ನೆಗೆ ಇದು ಉತ್ತರ. ಹೌದು, ಆಗುತ್ತದೆ, ಆದರೆ ಇಷ್ಟು ಅಲ್ಲ. ಗಣಿಗೆ ಮುನ್ನಿನ ದಾಖಲೆ ಇಲ್ಲದಿದ್ದಾಗ, ಗಣಿಯಿಲ್ಲದ ನೆಲದಿಂದ ಬರುವ ನೀರನ್ನು ಪಕ್ಕದಲ್ಲಿಟ್ಟು ಹೋಲಿಸುವುದೊಂದೇ ದಾರಿ. ಅವರು ಹಿಡಿದದ್ದು ಆ ದಾರಿಯನ್ನೇ.

ಅಧ್ಯಯನ ಪ್ರಕಟವಾಗುವ ಮೊದಲೇ ಗಣಿಯ ಹಣೆಬರಹ ತೀರ್ಮಾನವಾಗಿತ್ತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದು ನಿವೃತ್ತರಾದ ಕೆ. ಎಂ. ಚಿಣ್ಣಪ್ಪನವರು ಹೂಡಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. ಆಗಲೇ ಅಗೆದಿದ್ದ ಪ್ರದೇಶದಲ್ಲಿ ಮಾತ್ರ, 2005ರ ಕೊನೆಯವರೆಗೆ ಮಾತ್ರ ಗಣಿಗಾರಿಕೆ. ಆಮೇಲೆ ನಿಲ್ಲಬೇಕು ಎಂದಿತು. 2005ರ ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತುವು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಊರೇ ಇಲ್ಲವಾಯಿತು. ಕಾಡು ಗೆದ್ದಿತೆಂದು ಸಂಭ್ರಮಿಸುವಾಗ ಆ ನೋವನ್ನೂ ಚರಿತ್ರೆ ಬರೆದಿಟ್ಟುಕೊಳ್ಳಬೇಕು.

ಕುದುರೆಮುಖದ್ದು ಹರಿಯುವ ನೀರಿನ ಕತೆ. ನೆಲದೊಳಗಿನ ನೀರಿನ ಕತೆಯನ್ನು ಅದೇ ವರ್ಷಗಳಲ್ಲಿ ಕೇಳಿದ್ದು ಕೊಚ್ಚಿ. ಕೇರಳ ಉಚ್ಚ ನ್ಯಾಯಾಲಯ ಇರುವುದು ಅಲ್ಲಿ. ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಡದಲ್ಲಿ 2000ದ ಮಾರ್ಚಿನಲ್ಲಿ ಕೋಕಾ-ಕೋಲಾ ಘಟಕ ಆರಂಭವಾಯಿತು. ಎರಡು ವರ್ಷಗಳೊಳಗೆ ಸುತ್ತಲಿನ ಬಾವಿಗಳ ನೀರು ಇಳಿಯಿತೆಂದೂ ಉಳಿದ ನೀರು ಅಡುಗೆಗೆ ಬಾರದಾಯಿತೆಂದೂ ಜನ ಹೇಳತೊಡಗಿದರು. 2002ರ ಏಪ್ರಿಲ್ 22ರಂದು ಧರಣಿ ಶುರುವಾಯಿತು. ಎರವಾಳರ್ ಬುಡಕಟ್ಟಿನ ಮಯಿಲಮ್ಮ ಅದರ ಮುಂದಾಳು. ಬಾವಿಯ ನೀರಿನಲ್ಲಿ ಅನ್ನ ಬೇಯುವುದಿಲ್ಲ, ಬಾಯಿಗೆ ರುಚಿಯಿಲ್ಲ ಎಂಬುದು ಅಲ್ಲಿಯ ಹೆಂಗಸರ ಮೊದಲ ಪರೀಕ್ಷೆಯಾಗಿತ್ತು. ಪ್ರಯೋಗಾಲಯಗಳು ಬಂದದ್ದು ಅನಂತರ.

ಅದೇ ನ್ಯಾಯಾಲಯದಿಂದ ಎರಡು ತೀರ್ಪುಗಳು ಬಂದುವು. 2003ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಕೆ. ಬಾಲಕೃಷ್ಣನ್ ನಾಯರ್ ಅವರು ಅಂತರ್ಜಲ ಸಾರ್ವಜನಿಕರ ಸ್ವತ್ತು, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂದರು. 2005ರ ಏಪ್ರಿಲಿನಲ್ಲಿ ವಿಭಾಗೀಯ ಪೀಠ ಕೋಳಿಕ್ಕೋಡಿನ ಜಲಸಂಪನ್ಮೂಲ ಕೇಂದ್ರದ ನೇತೃತ್ವದ ಸಮಿತಿಯ ಅಧ್ಯಯನವನ್ನು ಆಧಾರವಾಗಿಟ್ಟುಕೊಂಡು, ಮಳೆ ಸಾಮಾನ್ಯವಾಗಿದ್ದರೆ ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದೆಂದಿತು. ಮೊದಲನೆಯ ತೀರ್ಪು ನೀರು ಯಾರದೆಂದು ಕೇಳಿತು. ಎರಡನೆಯದು ನೀರೆಷ್ಟೆಂದು ಕೇಳಿತು. ಆ ಮಳೆನೆರಳಿನ ಸೀಮೆಯಲ್ಲಿ ಮಳೆ ಎಷ್ಟು ವರ್ಷ ಸಾಮಾನ್ಯವಾಗಿರುತ್ತದೆ ಎಂಬುದನ್ನು ಮಾತ್ರ ಬಾವಿಯವರೇ ತಿಳಿದಿದ್ದರು. ಘಟಕ 2004ರ ಮಾರ್ಚಿನಲ್ಲೇ ಮುಚ್ಚಿತ್ತು. ಅದನ್ನು ಮತ್ತೆ ತೆರೆಯುವ ಉದ್ದೇಶವಿಲ್ಲವೆಂದು ಕಂಪನಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. 2010ರಲ್ಲಿ ಸರ್ಕಾರದ ಉನ್ನತಾಧಿಕಾರ ಸಮಿತಿ ನಷ್ಟವನ್ನು 216.26 ಕೋಟಿ ರೂಪಾಯಿ ಎಂದು ಅಂದಾಜಿಸಿತು. 2011ರಲ್ಲಿ ತಿರುವನಂತಪುರದ ವಿಧಾನಸಭೆ ಪರಿಹಾರ ನ್ಯಾಯಮಂಡಳಿಯ ಮಸೂದೆಯನ್ನು ಅಂಗೀಕರಿಸಿತು. ರಾಷ್ಟ್ರಪತಿಗಳ ಒಪ್ಪಿಗೆ ಸಿಗಲಿಲ್ಲ. ಮಯಿಲಮ್ಮ 2007ರಲ್ಲೇ ತೀರಿಕೊಂಡಿದ್ದರು.

ಈ ಕತೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುವುದೇನು? ಅಳತೆ ತಾನಾಗಿ ನ್ಯಾಯ ಕೊಡುವುದಿಲ್ಲ. ಆದರೆ ಅಳತೆಯಿಲ್ಲದವನ ಮಾತಿಗೆ ನಿಲ್ಲಲು ನೆಲವೂ ಇರುವುದಿಲ್ಲ. ಕೆಲಸ ಆರಂಭವಾಗುವ ಮುನ್ನವೇ ಅಳೆಯಬೇಕು. ಅಳೆಯಲು ಸುಲಭವಾದ ದಿನವಲ್ಲ, ಹೊಳೆ ಹುಚ್ಚೆದ್ದು ಹರಿಯುವ ದಿನ ಅಳೆಯಬೇಕು. ಅಳೆದದ್ದನ್ನು ಹೊಳೆಯ ನೀರು ಕುಡಿಯುವವರಿಗೆ ಅವರ ಭಾಷೆಯಲ್ಲಿ ಹೇಳಬೇಕು. ಮಾನಿಟರಿಂಗ್ ಎಂಬುದಕ್ಕೆ ನಮ್ಮ ಕಚೇರಿಗಳಲ್ಲಿ ಬಳಸುವ ‘ನಿಗಾ’ ಪಾರಸಿಯಿಂದ ಬಂದ ಪದ. ನೋಟ ಎಂದು ಅದರ ಅರ್ಥ. ವರದಿಯನ್ನು ಕಡತದಲ್ಲಿ ಕಟ್ಟಿಟ್ಟರೆ ಅದು ನೋಟವಾಗುವುದಿಲ್ಲ.

ಕೆಲಸ ಮುಗಿದ ಮೇಲೂ ನೋಟ ನಿಲ್ಲಬಾರದು. ಕುದುರೆಮುಖದಲ್ಲಿ ಯಂತ್ರಗಳು ನಿಂತು ಇಪ್ಪತ್ತು ವರ್ಷ ಕಳೆದರೂ ಲಕ್ಯಾ ಆಣೆಕಟ್ಟು ನಿಂತಿದೆ, ಅದರ ಹಿಂದೆ ಕಾಲು ಶತಮಾನದ ಹೂಳು ನಿಂತಿದೆ. ಪ್ರತಿ ಆರಿದ್ರಾ ಮಳೆಯೂ ಅದರ ಮೇಲೆ ಸುರಿಯುತ್ತದೆ. ಗಣಿಯ ಗುತ್ತಿಗೆಗೆ 30 ವರ್ಷದ ಅವಧಿಯಿತ್ತು. ಹೂಳಿಗೆ ಅಂಥ ಅವಧಿಯಿಲ್ಲ. ಕೆಳಗಿನ ಕಳಸದವರಿಗೆ, ಬಾಳೆಹೊನ್ನೂರಿನವರಿಗೆ ಅದನ್ನು ಕಾಯುವವರು ಇದ್ದಾರೆಂಬ ಭರವಸೆ ಪ್ರತಿ ಮಳೆಗಾಲಕ್ಕೂ ಬೇಕು.

ವಿಳಿಂಜಂನ ದಂಡೆಯ ಮೇಲೆ ನಿಂತು ಕಡಲಿನ ಕೆಂಪನ್ನು ನೋಡುವ ಮೀನುಗಾರನಿಗೂ ಬೇಕಾದದ್ದು ಇದೇ. ಬಂದರು ಬಂದಾಗಿದೆ, ಹಡಗುಗಳು ಬರುತ್ತಿವೆ. ಅದರಿಂದ ನಾಡಿಗೆ ಒಳಿತೂ ಆಗಬಹುದು. ಕಡಲು ಕೊರೆದದ್ದಕ್ಕೆ ಚಂಡಮಾರುತ ಎಷ್ಟು ಹೊಣೆ, ಕಟ್ಟಿದ ಕಲ್ಲು ಎಷ್ಟು ಹೊಣೆ ಎಂಬುದನ್ನು ವಾದಗಳಿಂದ ತೀರ್ಮಾನಿಸಲಾಗದು. ವರ್ಷವರ್ಷವೂ ಅಳೆದು, ಎಲ್ಲರೂ ನೋಡುವಂತೆ ಬರೆದಿಟ್ಟ ಲೆಕ್ಕವೇ ತೀರ್ಮಾನಿಸಬೇಕು. ಭದ್ರೆಯ ದಂಡೆಯಲ್ಲಿ ಆ ಲೆಕ್ಕ ತಡವಾಗಿ ಶುರುವಾಯಿತು. ಇಲ್ಲಿ ಬೇಗ ಶುರುವಾಗಿದೆ. ಆರು ತಿಂಗಳಿಗೊಮ್ಮೆ ಬರುವ ಆ ವರದಿಯನ್ನು ದಂಡೆಯ ಮನೆಗಳವರು ಓದಿ, ತಮ್ಮ ಕಣ್ಣಿನ ಲೆಕ್ಕದೊಡನೆ ತಾಳೆ ನೋಡುವಂತಾದರೆ, ಭದ್ರೆ ಕಲಿಸಿದ ಪಾಠ ಘಟ್ಟವಿಳಿದು ಈ ಕಡಲಿಗೂ ಬಂದಿದೆ ಎನ್ನಬಹುದು.